ಅಪ್ಪ ಕಲಿಸಿದ ಹಳೆಯ ಆಟ

ಅಪ್ಪ ಸೈನ್ಯ ಬಿಟ್ಟು ಬಂದಾಗ ಅವನ ಟ್ರಂಕಿನಲ್ಲಿ ಗಾಳಿ ತೆಗೆದು ಮಡಚಿಟ್ಟ ಒಂದು ಚರ್ಮದ ಚೆಂಡಿತ್ತು. ಚಪ್ಪಲಿ ಹೊಲಿಸಲು ತಂದ ತೊಗಲು ಇರಬೇಕೆಂದು ಅವ್ವ ಅದನ್ನು ಅಟ್ಟಕ್ಕೆ ಹಾಕಿದ್ದಳು. ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿದ್ದ ಸಣ್ಣ ಹೈಸ್ಕೂಲಿಗೆ ನಾನು ಸೇರಿದ ವರ್ಷವೇ ಅಪ್ಪನಿಗೂ ಅಲ್ಲಿ ಡ್ರಿಲ್ ಮಾಸ್ತರರ ಕೆಲಸ ಸಿಕ್ಕಿತು. ಆಗ ಆ ಚೆಂಡು ಅಟ್ಟದಿಂದ ಇಳಿಯಿತು.

ಕೊಡಗಿನಲ್ಲಿ ಗಂಡುಹುಡುಗರ ಕೈಗೆ ಹಾಕಿ ಕೋಲು ಬಿಟ್ಟರೆ ಬೇರೇನೂ ಹತ್ತುತ್ತಿರಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಆಡುವುದು ಅವರಿಗೆ ನಗೆಪಾಟಲಿನ ವಿಷಯ. ಅಪ್ಪ ಒಂದೆರಡು ವಾರ ಅವರ ಹಿಂದೆ ಬಿದ್ದು ಸೋತು, ಕೊನೆಗೆ ಹುಡುಗಿಯರನ್ನು ಕರೆದ. ಬಾಸ್ಕೆಟ್‌ಬಾಲ್ ನಮ್ಮ ಪಾಲಿಗೆ ಬಂದದ್ದು ಹಾಗೆ.

ಶಾಲೆಗೆ ಸರಿಯಾದ ಮೈದಾನ ಇರಲಿಲ್ಲ. ಪಕ್ಕದ ಎಸ್ಟೇಟಿನ ಧಣಿಗಳು ಕಾಫಿ ಒಣಗಿಸುವ ಕಣವನ್ನು ಬಿಟ್ಟುಕೊಟ್ಟರು. ಕುಯ್ಲಿನ ತಿಂಗಳುಗಳಲ್ಲಿ ಅದರ ತುಂಬ ಕಾಫಿ ಹರಡಿರುತ್ತಿತ್ತು. ಉಳಿದ ಕಾಲದಲ್ಲಿ ಆ ಸಿಮೆಂಟಿನ ಅಂಗಳ ನಮ್ಮದು. ಮೊದಲಿಗೆ ಅಪ್ಪ ಒಂದು ಕಿತ್ತಳೆ ಬುಟ್ಟಿಯ ತಳ ಕತ್ತರಿಸಿ ಕಂಬಕ್ಕೆ ಕಟ್ಟಿದ.

“ಈ ಆಟ ಹುಟ್ಟಿದ್ದೇ ಹೀಗೆ, ಗೊತ್ತಾ?” ಎಂದ. “ಅಮೆರಿಕದ ಒಂದು ಊರಲ್ಲಿ ಹಿಮ ಬಿದ್ದು ಹುಡುಗ್ರು ಹೊರಗೆ ಹೋಗ್ಲಿಕ್ಕಾಗದೆ ಒಳಗೇ ಗಲಾಟೆ ಮಾಡ್ತಿದ್ರಂತೆ. ಅಲ್ಲಿ ನನ್ನ ಹಾಗೇ ಒಬ್ಬ ಮಾಸ್ತರು. ಹಣ್ಣಿನ ಬುಟ್ಟಿ ಗೋಡೆಗೆ ಬಡಿದು, ಇದರೊಳಗೆ ಹಾಕಿ ಅಂದ. ಅಲ್ಲಿ ಹಿಮ, ಇಲ್ಲಿ ಮಳೆ. ಅಷ್ಟೇ ವ್ಯತ್ಯಾಸ.”

ಅಪ್ಪ ಇದನ್ನೆಲ್ಲ ಪುಸ್ತಕದಲ್ಲಿ ಓದಿದವನಲ್ಲ. ಯುದ್ಧದ ಕಾಲದಲ್ಲಿ ಅವನು ಅಸ್ಸಾಮಿನ ಗಡಿಯಲ್ಲಿದ್ದ. ಬರ್ಮಾದ ಕಡೆಗೆ ರಸ್ತೆ ಕಡಿಯುತ್ತಿದ್ದ ಅಮೆರಿಕದ ಸೈನಿಕರ ಬಿಡಾರ ಅಲ್ಲೇ ಹತ್ತಿರವಿತ್ತು. ಸಂಜೆ ಅವರು ಕಂಬಕ್ಕೊಂದು ಕಬ್ಬಿಣದ ಬಳೆ ಬಡಿದು ಆಡುವಾಗ, ಆಟಗಾರರು ಕಡಿಮೆ ಬಿದ್ದ ದಿನ, ಬೇಲಿಯಾಚೆ ನಿಂತು ನೋಡುತ್ತಿದ್ದ ನಮ್ಮವರನ್ನು ಕರೆಯುತ್ತಿದ್ದರಂತೆ. ಅವರ ಜೊತೆ ಆಡಿ, ಬಿದ್ದು, ಬೈಸಿಕೊಂಡು ಕಲಿತದ್ದನ್ನು ಅಪ್ಪ ಹಾಗೆಯೇ ನಮಗೆ ಕಲಿಸಿದ. ಕಥೆಗಳೂ ಅವರದೇ. ಮಳೆಗೆ ಕಣವೆಲ್ಲ ಜಾರುವಾಗ, ಇವತ್ತು ಆಟ ಬೇಡ ಎಂದು ನಾವು ರಾಗ ತೆಗೆದರೆ ಬರ್ಲಿನ್ನಿನ ಕಥೆ ಶುರುವಾಗುತ್ತಿತ್ತು. ಬಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು ಬರ್ಲಿನ್ನಿನಲ್ಲಿ. ಆಡಿಸಿದ್ದು ಬಯಲಿನ ಟೆನ್ನಿಸ್ ಅಂಗಳದಲ್ಲಿ. ಫೈನಲ್ ದಿನ ಮಳೆ ಸುರಿದು ಅಂಗಳ ಕೆಸರಾಗಿ, ನೆಲಕ್ಕೆ ಬಡಿದ ಚೆಂಡು ಮೇಲೇಳದೆ ಅಲ್ಲೇ ಕೂತುಬಿಡುತ್ತಿತ್ತಂತೆ. ಅಮೆರಿಕ ಕೆನಡಾವನ್ನು ಸೋಲಿಸಿದ್ದು ಹತ್ತೊಂಬತ್ತು–ಎಂಟರಲ್ಲಿ. “ಜಗತ್ತಿನ ದೊಡ್ಡ ದೊಡ್ಡವರೇ ಕೆಸರಲ್ಲಿ ಆಡಿದ್ದಾರೆ. ನಿಮಗೆಂತ ಆಗಿದೆ?” ಎನ್ನುತ್ತಿದ್ದ.

ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಈ ಆಟವೇ ಇರಲಿಲ್ಲ. ಅದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಹೇಳಲಿಲ್ಲ. ನಾವು ಮಾತ್ರ ಅಲ್ಲಿಗೆ ಹೋಗುವ ದಾರಿ ನಮ್ಮ ಕಣದಿಂದಲೂ ಒಂದು ಹೊರಡುತ್ತದೆ ಎಂದೇ ನಂಬಿದ್ದೆವು.

ನಮ್ಮಲ್ಲಿ ಎಲ್ಲರಿಗಿಂತ ಎತ್ತರದವಳು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯ ಹುಡುಗಿ. ಅವಳ ಅಪ್ಪ ಅಮ್ಮ ಮಲಯಾಳದ ಕಡೆಯಿಂದ ಬಂದವರು. ಅವಳ ಅಪ್ಪ ತೀರಿಹೋಗಿದ್ದ, ಅಮ್ಮ ಕಾಫಿ ಕುಯ್ಯುವ ಪಿಕ್ಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮೈ ಕುಗ್ಗಿಸಿ ಕೂರುತ್ತಿದ್ದ ಅವಳು ಕಣಕ್ಕೆ ಬಂದರೆ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ನಾನು ಕುಳ್ಳಿ. ದೂರದಿಂದ ಚೆಂಡು ಕುಟ್ಟಿಕೊಂಡು ಬಂದು ಅವಳಿಗೆ ದಾಟಿಸುವುದು ನನ್ನ ಕೆಲಸ. ಹಾಕುವುದು ಅವಳ ಕೆಲಸ. ಶಾಲೆಗೂ ಒಟ್ಟಿಗೇ ಹೋಗುತ್ತಿದ್ದೆವು. ಮೇಷ್ಟ್ರಿಗೆ ಅವರ ಕಡೆ ಹೇಳುವ ಹಾಗೆ ಅವಳು ನನ್ನ ಅಪ್ಪನನ್ನು ‘ಮಾಷೆ’ ಎನ್ನುತ್ತಿದ್ದಳು.

ಬುಟ್ಟಿಯ ಬದಲು ಆಮೇಲೆ ಹಾಕಿದ ಕಬ್ಬಿಣದ ಬಳೆಯ ಕೆಳಗಿನಿಂದ ಅಪ್ಪ ಸುಣ್ಣದಲ್ಲಿ ಒಂದು ಕಿರಿದಾದ ಓಣಿ ಎಳೆದು, ಅದರ ತುದಿಗೆ ಒಂದು ವೃತ್ತ ಬರೆದಿದ್ದ. ದೂರದಿಂದ ನೋಡಿದರೆ ಬೀಗದ ತೂತಿನ ಹಾಗೆ ಕಾಣುತ್ತಿತ್ತು. ಚೆಂಡು ನಮ್ಮವರ ಕೈಲಿರುವಾಗ ನಮ್ಮ ಆಟಗಾರ್ತಿ ಎದುರಾಳಿಯ ಬಳೆಯ ಕೆಳಗಿನ ಆ ಓಣಿಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ನಿಂತರೆ ವಿಸಿಲ್, ಚೆಂಡು ಎದುರಾಳಿಗೆ. ಅದಕ್ಕೆ ಅಪ್ಪ ಓಣಿಯ ಗೆರೆಗೆ ತಾಗಿಯೂ ತಾಗದ ಹಾಗೆ, ಹೊರಗೆ, ಒಂದು ಜಾಗ ತೋರಿಸಿ ಅವಳಿಗೆ ಹೇಳಿದ:

“ಇದು ನಿನ್ನ ಜಾಗ. ಇಲ್ಲಿ ನಿಂತ್ರೆ ಯಾರೂ ನಿನ್ನನ್ನು ಏನೂ ಕೇಳ್ಳಿಕ್ಕಿಲ್ಲ. ಒಂದು ಹೆಜ್ಜೆ ಒಳಗಿಟ್ಟು ಎತ್ತಿ ಹಾಕು, ಮತ್ತೆ ಹೊರಗೆ ಬಾ.”

ನಮಗೆಲ್ಲ ಹೇಳಿದ್ದು ಇನ್ನೊಂದು: “ಅವಸರ ಬೇಡ. ಅವಳು ಸರಿಯಾಗಿ ಸಿಗುವವರೆಗೆ ಚೆಂಡು ನಿಮ್ಮೊಳಗೇ ತಿರುಗಲಿ. ಚೆಂಡು ನಮ್ಮ ಕೈಲಿರುವಷ್ಟು ಹೊತ್ತು ಅವರು ನಮ್ಮನ್ನು ಸೋಲಿಸುವುದು ಹೇಗೆ?”

ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಹಿರಿಯರು ಬಸ್ ಸ್ಟ್ಯಾಂಡಿನಲ್ಲಿ ಕೂತು, ಒಳ್ಳೆಯದಾಯಿತು, ಕೆಟ್ಟದಾಯಿತು ಎಂದು ಜಗಳವಾಡುತ್ತಿದ್ದರು. ನಮಗಾದ ಲಾಭ ಇಷ್ಟು: ಮೊದಲಾದರೆ ಮಡಿಕೇರಿಯಲ್ಲಿ ಗೆದ್ದಲ್ಲಿಗೆ ಮುಗಿಯುತ್ತಿತ್ತು, ಈಗ ಜಿಲ್ಲೆ ಗೆದ್ದವರು ರಾಜ್ಯದ ಪಂದ್ಯಕ್ಕೆ ಮೈಸೂರಿಗೆ ಹೋಗಬಹುದು. ಮಡಿಕೇರಿಯಲ್ಲಿ ನಾವು ಸುಲಭವಾಗಿ ಗೆದ್ದೆವು. ಅಲ್ಲಿ ಅಂಪೈರ್ ಆಗಿದ್ದವರೂ ಅಪ್ಪನ ಹಾಗೆ ಸೈನ್ಯದಲ್ಲಿ ಆಟ ಕಲಿತು ಬಂದವರೇ.

ಮೈಸೂರಿನಲ್ಲಿ ಚೆನ್ನಾಗಿ ಆಡಿದವರನ್ನು ರಾಜ್ಯದ ತಂಡಕ್ಕೆ ಆರಿಸುತ್ತಾರೆ, ಅಂಥವರಿಗೆ ಮುಂದೆ ವ್ಯಾಯಾಮ ಶಿಕ್ಷಕರ ತರಬೇತಿಗೆ ಸೀಟು ಸಿಗುವುದು ಸುಲಭ ಎಂದು ಅಪ್ಪ ಯಾರಿಂದಲೋ ತಿಳಿದುಕೊಂಡ. ಅದನ್ನು ಲೈನ್ ಮನೆಗೆ ಹೋಗಿ ಅವಳ ಅಮ್ಮನಿಗೂ ಹೇಳಿದ. “ನಿಮ್ಮ ಮಗಳು ಟೀಚರ್ ಆಗ್ತಾಳೆ, ನೋಡ್ತಿರಿ” ಎಂದನಂತೆ. ಅವನು ಆಮೇಲೆ ನೆನೆನೆನೆದು ಸಂಕಟಪಟ್ಟದ್ದು ಈ ಮಾತಿಗೆ.

ಮೈಸೂರಿನ ಅಂಗಳ ನೋಡಿದಾಗಲೇ ಏನೋ ಬೇರೆ ಇದೆ ಅನ್ನಿಸಿತ್ತು. ಬಳೆಯ ಕೆಳಗೆ ನಮ್ಮ ಕಿರಿದಾದ ಓಣಿ ಇರಲಿಲ್ಲ. ಎರಡು ಬದಿಯ ಗೆರೆಗಳು ಓರೆಯಾಗಿ, ಬಳೆಯ ಹತ್ತಿರ ಬಂದಷ್ಟೂ ಅಗಲವಾಗುತ್ತ ಹೋಗಿದ್ದವು, ಲಂಗದ ಅಂಚಿನ ಹಾಗೆ. ಅಪ್ಪ ಅದನ್ನು ನೋಡಿ, “ಇವರು ಗೆರೆ ಎಂತ ಹೀಗೆ ಎಳ್ದಿದ್ದಾರೆ? ಅಂದಕ್ಕಿರಬೇಕು” ಎಂದ. ನಾವು ನಕ್ಕೆವು.

ಆಟ ಶುರುವಾಯಿತು. ನನ್ನ ಗೆಳತಿ ಅಪ್ಪ ಹೇಳಿಕೊಟ್ಟ ಜಾಗದಲ್ಲಿ ಹೋಗಿ ನಿಂತಳು. ವಿಸಿಲ್. ಚೆಂಡು ಎದುರಾಳಿಗೆ ಹೋಯಿತು. ಅವಳು ಕಾಲು ನೋಡಿಕೊಂಡಳು, ಅಪ್ಪನನ್ನು ನೋಡಿದಳು. ಅಪ್ಪ ಕೈಯಲ್ಲೇ “ಅಲ್ಲೇ ನಿಲ್ಲು” ಎಂದು ತೋರಿಸಿದ. ಮತ್ತೆ ನಿಂತಳು. ಮತ್ತೆ ವಿಸಿಲ್. ನಾವು ಚೆಂಡನ್ನು ನಮ್ಮೊಳಗೇ ತಿರುಗಿಸುತ್ತ ಅವಳಿಗಾಗಿ ಕಾಯುತ್ತಿದ್ದರೆ ಅದಕ್ಕೂ ವಿಸಿಲ್. ಯಾಕೆಂದು ನಮಗೆ ಗೊತ್ತಿಲ್ಲ. ನೋಡುತ್ತಿದ್ದ ಹುಡುಗಿಯರು ನಗಲು ಶುರುಮಾಡಿದರು. ಪ್ರತಿ ವಿಸಿಲ್‌ಗೂ ಅವಳು ತಿರುಗಿ ಅಪ್ಪನ ಮುಖ ನೋಡುತ್ತಿದ್ದಳು.

ಅಪ್ಪ ಎದ್ದು ಅಂಪೈರ್ ಹತ್ತಿರ ಹೋದ. ಅವರು ಬೆಂಗಳೂರಿನ ಕಡೆಯ ಯುವಕರು, ಸಭ್ಯರು. ಆಟ ನಿಲ್ಲಿಸಿಯೇ ಮಾತಾಡಿದರು.

“ಅವಳು ಗೆರೆ ಹೊರಗೇ ನಿಂತಿದ್ದಾಳಲ್ಲ ಸ್ವಾಮಿ?”

“ಹಳೇ ಗೆರೆಯಿಂದ ಹೊರಗೆ ಸಾರ್. ಈಗ ಜಾಗ ಅಗಲ ಮಾಡಿದ್ದಾರೆ. ಅವರು ನಿಂತಿರೋದು ಒಳಗೆ.”

“ಮತ್ತೆ ಚೆಂಡು ಹಿಡ್ಕೊಂಡದ್ದಕ್ಕೆ?”

“ಮೂವತ್ತು ಸೆಕೆಂಡ್ ಒಳಗೆ ಬಾಸ್ಕೆಟ್ಟಿಗೆ ಹಾಕ್ಬೇಕು ಸಾರ್. ಹೆಲ್ಸಿಂಕಿ ಒಲಿಂಪಿಕ್ಸ್ ಫೈನಲ್‌ನಲ್ಲಿ ರಷ್ಯಾದವರು ಅಮೆರಿಕದವರ ಎದುರು ಚೆಂಡು ಇಟ್ಕೊಂಡೇ ಹೊತ್ತು ಕಳೆದ್ರಲ್ಲ, ಜನಕ್ಕೆ ಬೇಜಾರಾಗಿ ಹೋಯ್ತು. ಅದಕ್ಕೇ ಈ ನಿಯಮ. ಮೆಲ್ಬರ್ನ್ ಹೊತ್ತಿಗೆ ಬಂತು. ನಿಮಗೆ ಯಾರೂ ಹೇಳಲಿಲ್ವಾ?”

ಅಪ್ಪ ಬಂದು ಕೂತ. ಕೊಡಗು ಮೈಸೂರಿಗೆ ಸೇರಿದ್ದೂ ಮೆಲ್ಬರ್ನಿನ ಒಲಿಂಪಿಕ್ಸ್ ಶುರುವಾದದ್ದೂ ಒಂದೇ ತಿಂಗಳಲ್ಲಿ. ಮೊದಲನೆಯದು ನಮ್ಮೂರಿನ ಅಂಗಡಿ ಅಂಗಡಿಯಲ್ಲೂ ಸುದ್ದಿಯಾಗಿತ್ತು. ಎರಡನೆಯದು ನಮ್ಮ ಗುಡ್ಡ ಹತ್ತಿ ಬರಲಿಲ್ಲ. ಪ್ರಪಂಚವೆಲ್ಲ ಒಂದು ಆಟ ಆಡುತ್ತಿತ್ತು, ನಮ್ಮ ಕಣದಲ್ಲಿ ನಾವು ಅದರ ಹಿಂದಿನ ಆಟ ಆಡುತ್ತಿದ್ದೆವು.

ವಿರಾಮದಲ್ಲಿ ಅಪ್ಪ ಅವಳಿಗೆ ಹೊಸ ಗೆರೆ ವಿವರಿಸಲು ನೋಡಿದ. ಆದರೆ ಎರಡು ವರ್ಷ ಮೈಗೆ ಹತ್ತಿದ ಅಭ್ಯಾಸ ಐದು ನಿಮಿಷದಲ್ಲಿ ಬಿಡುತ್ತದೆಯೇ? ಆಡುವ ಭರದಲ್ಲಿ ಅವಳ ಕಾಲು ತಾನಾಗಿ ಹಳೆಯ ಜಾಗಕ್ಕೇ ಹೋಗುತ್ತಿತ್ತು. ಕೊನೆಗೆ ಅವಳು ಬಳೆಯ ಹತ್ತಿರವೇ ಸುಳಿಯದೆ ದೂರ ನಿಂತುಬಿಟ್ಟಳು. ಚೆಂಡು ದಾಟಿಸಲು ಯಾರೂ ಇಲ್ಲದೆ ನಾನೇ ದೂರದಿಂದ ಎಸೆದೆ. ಕೆಲವು ಬಳೆಯೊಳಗೆ ಬಿದ್ದವು. ನಾವು ಹೀನಾಯವಾಗಿ ಸೋತೆವು.

ಸಂಜೆ ರಾಜ್ಯದ ತಂಡದ ಕ್ಯಾಂಪಿಗೆ ಆರಿಸಿದವರ ಹೆಸರು ಓದಿದರು. ನಮ್ಮ ಶಾಲೆಯಿಂದ ಒಂದೇ ಹೆಸರಿತ್ತು, ನನ್ನದು.

ಮರುದಿನ ಮೈಸೂರಿನಿಂದ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಬಳಿ ಕೂತಿದ್ದಳು, ನಾನು ಅವಳ ಪಕ್ಕ. ಕುಶಾಲನಗರ ದಾಟಿದ ಮೇಲೆ ಅವಳು ಮುಂದಿನ ಸೀಟಿನಲ್ಲಿದ್ದ ಅಪ್ಪನ ಕಡೆ ಬಗ್ಗಿ ಕೇಳಿದಳು:

“ಮಾಷೆ, ನಾನು ಎಲ್ಲಿ ನಿಲ್ಬೇಕಿತ್ತು?”

ಜಗಳದ ದನಿ ಇರಲಿಲ್ಲ. ಲೆಕ್ಕದ ಉತ್ತರ ತಪ್ಪಾದರೆ ಕೇಳುವ ಹಾಗೆ ಕೇಳಿದಳು. ಅಪ್ಪ ತಿರುಗದೆ, “ನೀನು ನಾನು ಹೇಳಿದ ಜಾಗದಲ್ಲೇ ನಿಂತಿದ್ದೆ, ಮಗಾ” ಎಂದ. ಅವನ ಕುತ್ತಿಗೆಯ ಹಿಂಭಾಗ ಕೆಂಪಾಗಿತ್ತು.

ಮನೆಯಲ್ಲಿ ಅವ್ವ ನನಗಾಗಿ ಪಾಯಸ ಮಾಡಿದ್ದಳು. ಸುದ್ದಿ ನಮಗಿಂತ ಮೊದಲೇ ಬಂದು ಮುಟ್ಟಿತ್ತು. ಅಪ್ಪ ಉಣ್ಣಲಿಲ್ಲ. ನನಗೂ ಇಳಿಯಲಿಲ್ಲ.

“ಅಪ್ಪ, ನಂಗೆ ಬೊತ್ತು. ನಾ ಕ್ಯಾಂಪಿಗೆ ಹೋಗುದಿಲ್ಲೆ” ಎಂದೆ. ಮನೆಯಲ್ಲಿ ನಮ್ಮದು ಅರೆಭಾಷೆ. ಬೇಡ ಎನ್ನುವುದಕ್ಕೆ ನಾವು ಬೊತ್ತು ಎನ್ನುತ್ತೇವೆ.

“ನೀ ಹೋಕು,” ಎಂದ ಅಪ್ಪ. ಹೋಗಲೇಬೇಕು ಎಂದು ಅರ್ಥ. “ನೀ ಬಿಟ್ರೆ ಅವಳಿಗೆಂತ ಸಿಕ್ಕುದಿಲ್ಲೆ. ಇಬ್ಬರೂ ಮನೇಲಿ ಕೂತಾಂಗೆ ಆಕು, ಅಷ್ಟೇ.”

ಅವನ ಮಾತು ಸರಿ ಎಂದು ಗೊತ್ತಿತ್ತು. ಆದರೆ ಸರಿಯಾದ ಮಾತಿನಿಂದ ಎದೆಯ ಭಾರ ಇಳಿಯಲಿಲ್ಲ. ನಾನು ಯಾರದನ್ನೂ ಕಿತ್ತುಕೊಂಡಿರಲಿಲ್ಲ. ಕುಳ್ಳಿಯಾದದ್ದರಿಂದ ದೂರ ನಿಂತಿದ್ದೆ, ದೂರ ನಿಂತದ್ದರಿಂದ ಹೊಸ ಗೆರೆ ನನ್ನನ್ನು ಮುಟ್ಟಲಿಲ್ಲ. ಇಷ್ಟೇ ನಡೆದದ್ದು. ಆದರೂ ಬೆಳಿಗ್ಗೆ ಶಾಲೆಗೆ ಹೋಗುವಾಗ ಅವಳು ಸಿಗುವ ತಿರುವಿನಲ್ಲಿ ನನ್ನ ಕಾಲು ತಡವರಿಸುತ್ತಿತ್ತು. ಅವಳು ಎಂದಿನಂತೆಯೇ ಮಾತಾಡಿಸುತ್ತಿದ್ದಳು. ಅದು ಇನ್ನೂ ಕಷ್ಟ.

ಆ ವರ್ಷ ಪರೀಕ್ಷೆ ಬರೆದ ಮೇಲೆ ಅವಳು ಓದು ನಿಲ್ಲಿಸಿದಳು. ಕಣಕ್ಕೆ ಬರುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದಳು. ಒಂದು ಭಾನುವಾರ ಅಪ್ಪ ಬಿಳಿ ಅಂಗಿ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಲೈನ್ ಮನೆಗೆ ಹೊರಟ. ಅವಳ ಅಮ್ಮ ಗಡಿಬಿಡಿಯಿಂದ ಚಾಪೆ ಹಾಸಿ ಕಟ್ಟಂಚಾಯ ಕೊಟ್ಟಳು. ಹಾಲಿಲ್ಲ ಎಂದು ಸಂಕೋಚಪಟ್ಟಳು. ಅಪ್ಪ ಲೋಟ ಕೆಳಗಿಟ್ಟು ಹೇಳಿದ:

“ನಾನು ನಿಮ್ಮ ಮಗಳಿಗೆ ತಪ್ಪು ಕಲಿಸಿದೆ ಅಮ್ಮ. ನನ್ನಿಂದ ಅವಳ ದಾರಿ ಕೆಟ್ಟಿತು. ಅದನ್ನು ಹೇಳಿ ಹೋಗ್ಲಿಕ್ಕೆ ಬಂದೆ.”

ಆಕೆಗೆ ಅರ್ಥವಾಗಲಿಲ್ಲ. ಮಗಳ ಮುಖ ನೋಡಿದಳು, ನಕ್ಕಳು. “ಎಂತ ಮಾಷೆ, ಅದು ಆಟ ಅಲ್ವಾ? ಆಟದಲ್ಲಿ ಸೋಲುದಿಲ್ವಾ? ನೀವು ಮೈಸೂರು ತೋರ್ಸಿದ್ರಲ್ಲ ಇವಳಿಗೆ. ನಾನೇ ನೋಡ್ಲಿಲ್ಲ.”

ಆಕೆ ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ. ಅವನು ಗೆಳತಿಯ ಕಡೆ ತಿರುಗಿ, “ನಾನೀಗ ಹೊಸದನ್ನು ಸರಿಯಾಗಿ ಕಲಿತೇನೆ. ನೀನು ಬಾ. ಇನ್ನೊಂದು ವರ್ಷ ಆಡು. ಹೇಗಾದ್ರೂ ಮಾಡಿ ಮತ್ತೆ ಮೈಸೂರಿಗೆ ಕಳಿಸ್ತೇನೆ” ಎಂದ.

ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ತಲೆ ಮೇಲಿನ ಪಟ್ಟಿಗೆ ತಾಗುವಂತಿತ್ತು.

“ಬೇಡ ಮಾಷೆ. ಇನ್ನು ಅಮ್ಮನ ಒಟ್ಟಿಗೆ ಕೆಲಸಕ್ಕೆ ಹೋಗ್ಬೇಕು.” ಅಪ್ಪನ ಕಡೆ ನೋಡಿ ಹೇಳಿದಳು: “ಮತ್ತೆ, ತಪ್ಪು ಕಲಿಸಿದೆ ಅಂತ ಹೇಳ್ಬೇಡಿ. ಎಲ್ಲ ತಪ್ಪು ಅಂದ್ರೆ, ಅಷ್ಟು ಸಂಜೆ ನಾನು ಅಲ್ಲಿ ಮಾಡಿದ್ದೆಂತ? ನಂಗೆ ಆ ಮಾತು ಬೇಡ.”

ಅಪ್ಪ ಎದ್ದು ನಿಂತ. ಚಹಾ ಅರ್ಧ ಉಳಿದಿತ್ತು. ಮತ್ತೆ ಬಗ್ಗಿ ಅದನ್ನು ಪೂರ್ತಿ ಕುಡಿದು, ಲೋಟವನ್ನು ಅವಳ ಅಮ್ಮನ ಕೈಗೆ ಕೊಟ್ಟು ಹೊರಬಿದ್ದ.

ನಾನು ಕ್ಯಾಂಪಿಗೆ ಹೋದೆ. ಎರಡು ವರ್ಷ ರಾಜ್ಯದ ತಂಡದಲ್ಲಿ ಆಡಿದೆ. ಅಲ್ಲಿ ಹೊಸದೇನು ಹೇಳಿಕೊಟ್ಟರೂ, ಅದರಲ್ಲೂ ಬಳೆಯ ಬಳಿ ಎತ್ತರದವರು ಹೇಗೆ ಒಳಹೊಕ್ಕು ಹೊರಬರಬೇಕೆಂದು ತೋರಿಸುವಾಗ, ಅದು ನನಗೆ ಹೇಳುತ್ತಿರುವುದಲ್ಲ, ಬೇರೆಯವಳಿಗೆ ತಲುಪಬೇಕಾದದ್ದು ನನ್ನ ಕೈಗೆ ಬಂದಿದೆ ಎನ್ನಿಸುತ್ತಿತ್ತು. ಊರಿಗೆ ಬಂದಾಗ ಕಲಿತದ್ದನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡು, ಹಗ್ಗ ಹಿಡಿದು, ಕಣದಲ್ಲಿ ಓರೆ ಗೆರೆಗಳನ್ನು ಬಣ್ಣದಲ್ಲಿ ಎಳೆದ.

ಕುಯ್ಲಿನ ಕಾಲದಲ್ಲಿ ಒಮ್ಮೆ ರಜೆಗೆ ಬಂದವಳು ಆ ಕಡೆ ಹೋದೆ. ಕಣದ ತುಂಬ ಕಾಫಿ ಹರಡಿತ್ತು. ಅವಳು ಉದ್ದ ಕೋಲಿನ ತುದಿಗೆ ಬಡಿದ ಹಲಗೆ ಹಿಡಿದು ಕಾಫಿ ಮಗುಚುತ್ತಿದ್ದಳು. ನನ್ನನ್ನು ಕಂಡು ನಕ್ಕು, ಬಳೆಯ ಕೆಳಗೆ ಹೋಗಿ, ಹಲಗೆಯಿಂದ ಕಾಫಿಯನ್ನು ಅತ್ತ ಸರಿಸಿದಳು. ಬಿಳಿ ಗೆರೆ ಕಂಡಿತು.

“ಇದಾ ಹೊಸ ಗೆರೆ?”

“ಹೂಂ.”

ಅವಳು ಗೆರೆಯ ಹೊರಗೆ ನಿಂತು ಬಳೆಯ ಕಡೆ ತಲೆಯೆತ್ತಿ ನೋಡಿದಳು. ನೋಡಿ, “ಅಷ್ಟೇನೂ ದೂರ ಇಲ್ಲ ಅಲ್ವಾ?” ಎಂದಳು. ಮೈಸೂರಿನ ಪಂದ್ಯಕ್ಕೆ ಒಂದು ತಿಂಗಳು ಮೊದಲೇ ಗೊತ್ತಾಗಿದ್ದರೆ ಅವಳು ಅಲ್ಲಿಂದಲೂ ಹಾಕುತ್ತಿದ್ದಳು, ಅನುಮಾನವೇ ಇಲ್ಲ. ಮೇಸ್ತ್ರಿ ಆಚೆಯಿಂದ ಕೂಗಿದ. ಅವಳು ಕಾಫಿಯನ್ನು ಮತ್ತೆ ಎಳೆದು ಸಮ ಮಾಡಿದಳು.

ಮುಂದೆ ಅವಳಿಗೆ ಕರಿಕೆಯ ಕಡೆ ಮದುವೆಯಾಯಿತು. ಅಪ್ಪ ಬೆಂಗಳೂರಿಗೆ ಹೋಗಿ ಅಂಪೈರ್ ಪರೀಕ್ಷೆ ಕಟ್ಟಿದ. ಆ ವಯಸ್ಸಿನಲ್ಲಿ ಹುಡುಗರ ನಡುವೆ ಕೂತು ಬರೆದು, ಎರಡನೆಯ ಸಲಕ್ಕೆ ಪಾಸಾದ. ರೋಮಿನಲ್ಲಿ ಒಲಿಂಪಿಕ್ಸ್ ನಡೆದಾಗ ಸುಂಟಿಕೊಪ್ಪದ ಅಂಗಡಿಗೆ ಪತ್ರಿಕೆ ಬರುವುದನ್ನೇ ಕಾದು ನಿಲ್ಲುತ್ತಿದ್ದ. ಯಾರು ಗೆದ್ದರು ಎಂಬುದಕ್ಕಿಂತ ಇನ್ನೇನಾದರೂ ಬದಲಾಯಿತೇ ಎಂಬ ಚಿಂತೆ ಅವನಿಗೆ. ಆದರೆ ಅಂಪೈರ್ ಆಗಿ ನಿಂತರೆ ಒಂದು ದೋಷ ಕಾಣುತ್ತಿತ್ತು. ಮೂರು ಸೆಕೆಂಡಿನ ವಿಸಿಲ್ ಊದಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಬಳೆಯ ಕೆಳಗೆ ಎತ್ತರದ ಹುಡುಗಿಯೊಬ್ಬಳು ನಿಂತರೆ ಸಾಕು, ವಿಸಿಲ್ ತುಟಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅಪ್ಪನ ಮೂರು ಸೆಕೆಂಡು ತುಂಬ ಉದ್ದ ಎಂದು ಬೇರೆ ಶಾಲೆಯ ಮಾಸ್ತರರು ತಮಾಷೆ ಮಾಡುತ್ತಿದ್ದರು.

ಮಡಿಕೇರಿಯಲ್ಲಿ ಹೆಣ್ಣುಮಕ್ಕಳ ಪಂದ್ಯವೊಂದು ನಡೆದಾಗ ಆ ತಮಾಷೆ ಗಲಾಟೆಗೆ ತಿರುಗಿತು. ನಾನೂ ನೋಡಲು ಹೋಗಿದ್ದೆ. ಒಂದು ತಂಡದ ಎತ್ತರದ ಹುಡುಗಿ ಪದೇ ಪದೇ ಗೆರೆಯೊಳಗೆ ನಿಲ್ಲುತ್ತಿದ್ದಳು. ಎದುರು ತಂಡದವರು ಕೈ ಎತ್ತಿ ತೋರಿಸುತ್ತಿದ್ದರು. ಅಪ್ಪ ನೋಡುತ್ತಿದ್ದ, ಊದುತ್ತಿರಲಿಲ್ಲ. ಜನ ಕೂಗಲು ಶುರುಮಾಡಿದರು. ನನಗೆ ತಲೆ ತಗ್ಗಿಸುವಂತಾಯಿತು. ಆಗ ಜನರ ನಡುವಿನಿಂದ ಒಂದು ಹೆಂಗಸಿನ ದನಿ ಬಂತು:

“ಮೂರು ಸೆಕೆಂಡ್ ಆಯ್ತು ಮಾಷೆ! ಊದಿ!”

ಅವಳೇ. ಸೊಂಟದಲ್ಲಿ ಮಗು, ಪಕ್ಕದಲ್ಲಿ ಗಂಡ. ಸುತ್ತಲಿನವರಿಗಿಂತ ತಲೆ ಮೇಲಾಗಿ ನಿಂತಿದ್ದಳು. ಅಪ್ಪ ಆ ಕಡೆ ನೋಡಿದ. ಆಟ ನಡೆಯುತ್ತಲೇ ಇತ್ತು. ಆಮೇಲೆ ವಿಸಿಲ್ ಊದಿದ, ಜೋರಾಗಿ. ಆ ದಿನ ಪಂದ್ಯ ಮುಗಿಯುವವರೆಗೆ ಮತ್ತೆ ಒಮ್ಮೆಯೂ ತಡಮಾಡಲಿಲ್ಲ.

ಮುಗಿದ ಮೇಲೆ ಅವಳು ಬಂದು ಮಾತಾಡಿಸಿದಳು. ಆಸ್ಪತ್ರೆಗೆಂದು ಮಡಿಕೇರಿಗೆ ಬಂದವರು ಬಸ್ಸಿಗೆ ಹೊತ್ತಿದೆಯೆಂದು ಇತ್ತ ಬಂದಿದ್ದರಂತೆ. ಅಪ್ಪ ಮಗುವಿನ ತಲೆ ಸವರಿದ. ಆಟದ ಮಾತು ಯಾರೂ ಎತ್ತಲಿಲ್ಲ. “ಅಮ್ಮ ಹೇಗಿದ್ದಾರೆ?” ಎಂದ. “ನನ್ನ ಒಟ್ಟಿಗೇ ಇದ್ದಾರೆ ಮಾಷೆ” ಎಂದಳು. ಅವಳ ಗಂಡ ಬಸ್ಸಿಗೆ ಹೊತ್ತಾಯಿತೆಂದು ಸನ್ನೆ ಮಾಡಿದ. ನಾನು ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೊರಟೆ. ಅವಳು ನನ್ನ ಕೈಯನ್ನು ಒಮ್ಮೆ ಒತ್ತಿ, ಬಿಡಿಸಿಕೊಂಡು ಹೋದಳು.

ನಾವು ಬಸ್ ಸ್ಟ್ಯಾಂಡಿನ ಕಡೆ ಇಳಿದು ನಡೆಯುವಾಗ ಅಪ್ಪ ಕೇಳಿದ: “ಹೊಸ ನಿಯಮ ಅವಳಿಗೆ ಯಾರು ಹೇಳಿಕೊಟ್ಟದ್ದು?”

“ನೋಡಿಯೇ ಕಲ್ತಿರ್ಬೇಕು.”

“ನಾನಂತೂ ಅಲ್ಲ,” ಎಂದ.

ಅವನ ಜೊತೆ ಹೆಜ್ಜೆ ಹಾಕುತ್ತ, ನಾನಾದರೂ ಅವಳಿಗೆ ಹೇಳಿಕೊಡಬಹುದಿತ್ತಲ್ಲ ಎಂದುಕೊಂಡೆ. ಸುಂಟಿಕೊಪ್ಪದ ಬಸ್ಸು ತುಂಬಿತ್ತು. ಅಪ್ಪನಿಗೊಂದು ಸೀಟು ಸಿಕ್ಕಿತು. ನಾನು ನಿಂತೇ ಬಂದೆ.